ನೆರೆಮನೆಯ ನಿದ್ದೆ ಕೆಡದಂತೆ ಪಂಪು ಕೂರಿಸುವುದು ಹೇಗೆ?



ಮಳೆ ದೂರವಾಗಿ ಚಳಿ ಹಿಡಿಯುವ ಹೊತ್ತಿಗೆ ನಮ್ಮ ಕಾಸರಗೋಡು ಸೀಮೆಯ ಅಡಿಕೆ ತೋಟಗಳಲ್ಲಿ ನೀರು ಬಿಡುವ ಕೆಲಸ ಆರಂಭವಾಗುತ್ತದೆ. ಮುಂದಿನ ಮಳೆ ಬರುವ ತನಕ ಪಂಪಿಗೆ ಬಿಡುವಿಲ್ಲ. ಏತದಿಂದ ನೀರೆತ್ತಿದ ಕಾಲ ಹೋಗಿ ಚಿಮಿಣಿ ಎಣ್ಣೆಯ ಪಂಪು, ಡೀಸೆಲ್ ಪಂಪುಗಳು ಬಂದವು. ಈಗ ಹೆಚ್ಚಿನ ಮನೆಗಳಲ್ಲಿ ಕರೆಂಟಿನ ಪಂಪು ಇದೆ. ರಟ್ಟೆಯ ಶ್ರಮ ಕಡಿಮೆಯಾಯಿತು, ತೋಟ ಹಸಿರಾಗಿ ಉಳಿಯಿತು. ಇದಕ್ಕಾಗಿ ದೇವರಿಗೆ ಕೃತಜ್ಞತೆ ಸಲ್ಲಿಸೋಣ.

ಆದರೆ ಇದೇ ಅವಧಿಯಲ್ಲಿ ಇನ್ನೊಂದು ಬದಲಾವಣೆಯೂ ಆಗಿದೆ. ಅಜ್ಜನ ಕಾಲದಲ್ಲಿ ಒಂದೇ ಮನೆಯಿದ್ದ ಜಾಗದಲ್ಲಿ ಹಿಸ್ಸೆಯಾಗಿ ಈಗ ಮೂರು ನಾಲ್ಕು ಮನೆಗಳೆದ್ದಿವೆ. ಬಾವಿ ಮಾತ್ರ ಇದ್ದಲ್ಲೇ ಇದೆ. ಹೀಗಾಗಿ ಒಬ್ಬರ ಪಂಪು ಇನ್ನೊಬ್ಬರ ಮಲಗುವ ಕೋಣೆಯ ಕಿಟಕಿಗೆ ಹತ್ತು ಹೆಜ್ಜೆ ದೂರದಲ್ಲಿ ಬರುತ್ತದೆ. ಗಡಿಕಲ್ಲಿನ ತಕರಾರನ್ನು ಹಿರಿಯರು ಕುಳಿತು ಮುಗಿಸುತ್ತಾರೆ. ಸದ್ದಿನ ತಕರಾರು ಹಾಗಲ್ಲ. ಅದು ಬಾಯಿಬಿಟ್ಟು ಹೇಳಿಕೊಳ್ಳಲಾಗದೆ ವರ್ಷಗಟ್ಟಲೆ ಒಳಗೇ ಹೊಗೆಯಾಡುತ್ತದೆ. ಆದ್ದರಿಂದ ಈ ಸಲದ ಕೃಷಿ ಮತ್ತು ಆರೋಗ್ಯ ಪಾಠಕ್ಕೆ ಇದೇ ವಿಷಯವನ್ನು ಆರಿಸಿಕೊಂಡಿದ್ದೇವೆ. ಹೇಳಬೇಕಾದ ಮುಖ್ಯ ಮಾತು ಒಂದೇ: ಸದ್ದಿನ ವಿಚಾರ ತೀರ್ಮಾನವಾಗುವುದು ಪಂಪಿಗೆ ಜಾಗ ಗೊತ್ತುಮಾಡುವ ದಿನ. ಕಾಂಕ್ರೀಟು ಹಾಕಿದ ಮೇಲೆ ಉಳಿಯುವುದು ರಿಪೇರಿ ಮತ್ತು ರಾಜಿ ಮಾತ್ರ.

ಸದ್ದು ಆರೋಗ್ಯದ ವಿಷಯವೇ?

ಹೌದು. ನಿದ್ದೆಯಲ್ಲಿಯೂ ಕಿವಿ ಮುಚ್ಚಿರುವುದಿಲ್ಲ. ಮಲಗಿದವನು ಎಚ್ಚರಗೊಳ್ಳದಿದ್ದರೂ ಸದ್ದಿಗೆ ಎದೆಬಡಿತ ಏರುತ್ತದೆ, ಗಾಢನಿದ್ದೆ ತೆಳುವಾಗುತ್ತದೆ. ಬೆಳಿಗ್ಗೆ ಏಳುವಾಗ ಮೈಭಾರ, ಸಿಡುಕು, ಕೆಲಸದಲ್ಲಿ ಮರೆವು. ವರ್ಷಗಟ್ಟಲೆ ರಾತ್ರಿಯ ಗದ್ದಲದಲ್ಲಿ ಮಲಗುವವರಲ್ಲಿ ರಕ್ತದೊತ್ತಡ ಮತ್ತು ಹೃದಯದ ತೊಂದರೆಯ ಅಪಾಯ ಹೆಚ್ಚು ಎಂದು ವೈದ್ಯರು ಹೇಳುತ್ತಾರೆ. ಹಸುಗೂಸುಗಳು, ಬಾಣಂತಿಯರು, ಕಾಯಿಲೆಯವರು, ವೃದ್ಧರು ಹೆಚ್ಚು ಬಳಲುತ್ತಾರೆ. ನೀರಾವರಿಯ ಬಿರುಸಿನ ತಿಂಗಳಾದ ಮಾರ್ಚಿನಲ್ಲೇ ಮಕ್ಕಳ ಪರೀಕ್ಷೆಯೂ ಇರುತ್ತದೆ ಎಂಬುದನ್ನು ನೆನಪಿಡೋಣ.

ವಿಶ್ವ ಆರೋಗ್ಯ ಸಂಸ್ಥೆಯು 1999ರ ಮಾರ್ಗಸೂಚಿಯಲ್ಲಿ, ಮಲಗುವ ಕೋಣೆಯೊಳಗೆ ಎಡೆಬಿಡದೆ ಕೇಳುವ ಸದ್ದು 30 ಡೆಸಿಬೆಲ್ ಮೀರಬಾರದೆಂದು ಹೇಳಿದೆ. ಡೆಸಿಬೆಲ್ ಎಂದರೆ ಸದ್ದಿನ ಅಳತೆ. ಪಿಸುಮಾತು ಸುಮಾರು 30, ಎದುರುಬದುರು ಕುಳಿತು ಆಡುವ ಮಾತು ಸುಮಾರು 60. ನಮ್ಮ ಸೀಮೆಯಲ್ಲಿ ಸೆಕೆಗೆ ಕಿಟಕಿ ತೆರೆದೇ ಮಲಗುತ್ತೇವೆ. ತೆರೆದ ಕಿಟಕಿ ಹೊರಗಿನ ಸದ್ದನ್ನು 10ರಿಂದ 15 ಡೆಸಿಬೆಲ್‌ನಷ್ಟು ಮಾತ್ರ ತಗ್ಗಿಸುತ್ತದೆ. ಹೆಂಚಿನ ಮಾಡಿನ ಸಂದುಗಳಿಂದಲೂ ಸದ್ದು ಒಳಬರುತ್ತದೆ.

ಸದ್ದಿನ ಲೆಕ್ಕ

ಈ ಲೆಕ್ಕವನ್ನು ಶಾಲೆಗೆ ಹೋಗುವ ಮಕ್ಕಳ ಜತೆ ಕುಳಿತು ಮಾಡಿ ನೋಡಬಹುದು. ಬಯಲಿನಲ್ಲಿ ಯಂತ್ರದಿಂದ ಇರುವ ದೂರ ಇಮ್ಮಡಿಯಾದಂತೆ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಒಂದು ಪಂಪು 1 ಮೀಟರ್ ದೂರದಲ್ಲಿ 70 ಡೆಸಿಬೆಲ್ ಸದ್ದು ಮಾಡುತ್ತದೆ ಎಂದು ಇಟ್ಟುಕೊಳ್ಳೋಣ:

2 ಮೀಟರಿನಲ್ಲಿ 64
4 ಮೀಟರಿನಲ್ಲಿ 58
8 ಮೀಟರಿನಲ್ಲಿ 52
16 ಮೀಟರಿನಲ್ಲಿ 46
32 ಮೀಟರಿನಲ್ಲಿ 40

ಇದರಿಂದ ಎರಡು ಪಾಠಗಳನ್ನು ಕಲಿಯಬಹುದು. ಮೊದಲನೆಯದು, ಪಂಪು ನೆರೆಯವರ ಕಿಟಕಿಗೆ ತೀರ ಹತ್ತಿರವಿದ್ದರೆ ನಾಲ್ಕು ಮೀಟರ್ ಸರಿಸಿದರೂ ದೊಡ್ಡ ಲಾಭವಿದೆ. 4 ಮೀಟರಿನಿಂದ 8 ಮೀಟರಿಗೆ ಸರಿಸಿದರೆ 6 ಡೆಸಿಬೆಲ್ ಕಡಿಮೆಯಾಗುತ್ತದೆ. ಅಷ್ಟೇ ಇಳಿತ ಮುಂದೆ ಬೇಕಾದರೆ ಇನ್ನೂ 8 ಮೀಟರ್ ಸರಿಸಬೇಕು. ಎರಡನೆಯದು, 10 ಡೆಸಿಬೆಲ್ ಇಳಿದರೆ ನಮ್ಮ ಕಿವಿಗೆ ಸದ್ದು ಅರ್ಧವಾದಂತೆ ತೋರುತ್ತದೆ. ಆದ್ದರಿಂದ ದೂರ, ತಡೆಗೋಡೆ, ಅಡಿಪಾಯ ಇವು ಮೂರರಲ್ಲಿಯೂ ಸ್ವಲ್ಪ ಸ್ವಲ್ಪ ಗಳಿಸಿದರೆ ಒಟ್ಟಿನಲ್ಲಿ ದೊಡ್ಡ ವ್ಯತ್ಯಾಸವಾಗುತ್ತದೆ.

ಇನ್ನೊಂದು ಅಂಶ. ಯಂತ್ರವನ್ನು ಗೋಡೆಗೆ ತಾಗಿ ಇಟ್ಟರೆ ಗೋಡೆಯಿಂದ ಮರಳಿದ ಸದ್ದೂ ಸೇರಿ 3 ಡೆಸಿಬೆಲ್‌ನಷ್ಟು ಹೆಚ್ಚುತ್ತದೆ. ಎರಡು ಗೋಡೆ ಕೂಡುವ ಮೂಲೆಯಲ್ಲಿಟ್ಟರೆ 6ರಷ್ಟು. ಮಳೆಗೆ ಮರೆಯಾಗಲೆಂದು ಎಷ್ಟೋ ಮಂದಿ ಮೂಲೆಯನ್ನೇ ಹುಡುಕುತ್ತಾರೆ. ಆ ಮೂಲೆ ನೆರೆಮನೆಗೆ ಮುಖ ಮಾಡಿದ್ದರೆ ಅದು ಮೈಕಿನ ಹಾರ್ನಿನಂತೆ ಕೆಲಸ ಮಾಡುತ್ತದೆ.

ಜಾಗ ಆರಿಸುವಾಗ

ಅಗೆಯುವ ಮೊದಲು ಬಾವಿಯ ಬಳಿ ನಿಂತು ಸುತ್ತ ನೋಡಿ. ನಿಮ್ಮ ಮನೆಯ ಕಿಟಕಿಗಳನ್ನಲ್ಲ, ನೆರೆಮನೆಯ ಕಿಟಕಿಗಳನ್ನು. ಅವರು ಮಲಗುವುದು ಎಲ್ಲಿ, ಮಕ್ಕಳು ಓದುವುದು ಎಲ್ಲಿ, ಹಾಸಿಗೆ ಹಿಡಿದ ಅಜ್ಜಿ ಇರುವ ಕೋಣೆ ಯಾವುದು ಎಂದು ತಿಳಿದುಕೊಳ್ಳಿ. ಅಲ್ಲಿಗೆ ನೇರವಾಗಿ ಕಾಣದ ಬದಿಯಲ್ಲಿ ಪಂಪು ಇರಲಿ. ದರೆಯ ಮರೆ ಇದ್ದರೆ ಬಹಳ ಒಳ್ಳೆಯದು. ಮಣ್ಣಿನ ದರೆಗಿಂತ ಗಟ್ಟಿಯಾದ ತಡೆಗೋಡೆಯಿಲ್ಲ.

ಪಂಪನ್ನು ದೂರ ಒಯ್ಯುವುದಕ್ಕೂ ಮಿತಿಯಿದೆ. ಬಾವಿಯ ಹೊರಗಿರುವ ಪಂಪು ನೀರನ್ನು 6-7 ಮೀಟರಿಗಿಂತ ಆಳದಿಂದ ಚೆನ್ನಾಗಿ ಎಳೆಯಲಾರದು. ಎಳೆಯುವ ಪೈಪು ಉದ್ದವಾದಷ್ಟು ಶಕ್ತಿ ಮತ್ತೂ ಕುಂದುತ್ತದೆ. ಆದ್ದರಿಂದಲೇ ಆಳದ ಬಾವಿಗಳಲ್ಲಿ ಒಳಗೆ ಕಟ್ಟೆ ಮಾಡಿ ಪಂಪು ಕೂರಿಸುತ್ತಾರೆ. ಆಗ ಬಾವಿಯ ಸುತ್ತುಗೋಡೆಯೊಳಗೆ ಸದ್ದು ಪ್ರತಿಧ್ವನಿಸಿ ಮೇಲೇಳುತ್ತದೆ. ಇಂಥಲ್ಲಿ ನೀರಿನೊಳಗೇ ಮುಳುಗಿರುವ ಸಬ್‌ಮರ್ಸಿಬಲ್ ಪಂಪು ಉತ್ತಮ. ತೆರೆದ ಬಾವಿಗೆಂದೇ ಮಾಡಿದ ಸಬ್‌ಮರ್ಸಿಬಲ್ ಪಂಪುಗಳೂ ಸಿಗುತ್ತವೆ. ರಿಪೇರಿಗೆ ಮೇಲೆತ್ತುವ ತೊಂದರೆ ಇದೆ ನಿಜ. ಆದರೆ ಮೋಟಾರಿನ ಸದ್ದು ನೀರಿನಲ್ಲೇ ಅಡಗುತ್ತದೆ. ಹಳೆಯ ಪಂಪು ಹಾಳಾಗಿ ಹೊಸದು ಕೊಳ್ಳುವವರು ಮನೆಗಳು ಒತ್ತಾಗಿರುವಲ್ಲಿ ಮೊದಲು ಇದನ್ನು ಯೋಚಿಸಲಿ.

ಬೇಲಿಯಲ್ಲಿ ಒಂದು ಸಾಲು ದಾಸವಾಳವನ್ನೋ ಗಾಳಿಮರವನ್ನೋ ನೆಟ್ಟರೆ ಸದ್ದು ನಿಲ್ಲುತ್ತದೆ ಎಂದು ಹಲವರು ನಂಬಿದ್ದಾರೆ. ಗಿಡ ಕಣ್ಣಿಗೆ ಮರೆ, ಕಿವಿಗೆ ಅಲ್ಲ. ಹತ್ತಾರು ಮೀಟರ್ ಅಗಲದ ದಟ್ಟ ಕಾಡಿದ್ದರೆ ಮಾತ್ರ ಸದ್ದು ತಕ್ಕಮಟ್ಟಿಗೆ ಇಳಿದೀತು. ಗಿಡ ನೆಡಿ, ಆದರೆ ಅದನ್ನೇ ಪರಿಹಾರವೆಂದು ತಿಳಿಯಬೇಡಿ.

ನೆಲದ ಮೂಲಕ, ಪೈಪಿನ ಮೂಲಕ

ಸದ್ದು ಗಾಳಿಯಲ್ಲಿ ಮಾತ್ರ ಬರುವುದಿಲ್ಲ. ಪಂಪಿನ ನಡುಕ ಅಡಿಪಾಯಕ್ಕೆ, ಅಡಿಪಾಯದಿಂದ ಗೋಡೆಗೆ, ಗೋಡೆಯಿಂದ ಮಲಗುವ ಕೋಣೆಗೆ ಹಾದುಹೋಗುತ್ತದೆ. ಕಿಟಕಿ ಮುಚ್ಚಿದರೂ 'ಗುಂಯ್' ಎಂಬ ಸದ್ದು ತಲೆದಿಂಬಿನಲ್ಲಿ ಕೇಳುತ್ತದೆಯಾದರೆ ಅದು ಇದೇ. ನಮ್ಮ ಕರೆಂಟು ಸೆಕೆಂಡಿಗೆ 50 ಆವರ್ತದ್ದು. ಮೋಟಾರು ಅದರ ಇಮ್ಮಡಿ, 100ರ ಸ್ವರದಲ್ಲಿ ಗುನುಗುತ್ತದೆ. ಈ ತಗ್ಗುಸ್ವರ ಗೋಡೆಗಳನ್ನು ಸುಲಭವಾಗಿ ದಾಟುತ್ತದೆ. ತಡೆಯುವ ಕ್ರಮ ಹೀಗೆ:

1. ಪಂಪಿಗೆ ಪ್ರತ್ಯೇಕ ಕಾಂಕ್ರೀಟು ಪೀಠ ಮಾಡಿ. ಅದರ ತೂಕ ಪಂಪು-ಮೋಟಾರಿನ ತೂಕದ ಮೂರು ಪಟ್ಟಾದರೂ ಇರಲಿ. ಪೀಠವು ಮನೆಯ ಪಂಚಾಂಗಕ್ಕಾಗಲಿ ಅಂಗಳದ ಸಿಮೆಂಟಿಗಾಗಲಿ ಕೂಡಿರಬಾರದು.

2. ಪಂಪು ಮತ್ತು ಪೀಠದ ನಡುವೆ ರಬ್ಬರು ಪ್ಯಾಡ್ ಇಡಿ. ನಾಲ್ಕು ಮೂಲೆಗಳಲ್ಲಿಯೂ ಒಂದೇ ದಪ್ಪದ್ದಿರಲಿ. ಬೋಲ್ಟು ಸಡಿಲವಿರಬಾರದು; ಹಾಗೆಂದು ರಬ್ಬರು ಚಪ್ಪಟೆಯಾಗುವಷ್ಟು ಬಿಗಿಯಲೂ ಬಾರದು.

3. ಪಂಪಿನಿಂದ ಹೊರಡುವಲ್ಲಿ ಒಂದು ತುಂಡು ಗಟ್ಟಿ ರಬ್ಬರು ಹೋಸ್ ಜೋಡಿಸಿ. ನಡುಕ ಪೈಪಿಗೆ ಹತ್ತುವುದು ಕಡಿಮೆಯಾಗುತ್ತದೆ.

4. ಪೈಪನ್ನು ಗೋಡೆಗೆ ಕ್ಲಾಂಪು ಹೊಡೆದು ನಿಲ್ಲಿಸುವಲ್ಲಿ ಕ್ಲಾಂಪಿನಡಿ ರಬ್ಬರು ಪಟ್ಟಿ ಇಡಿ. ಗೋಡೆ ತೂರಿಹೋಗುವಲ್ಲಿ ಸಿಮೆಂಟು ಮೆತ್ತದೆ ಸುತ್ತ ಸ್ವಲ್ಪ ತೆರವು ಬಿಟ್ಟು ಮೆತ್ತನೆಯ ವಸ್ತು ತುಂಬಿ.

5. ಎಳೆಯುವ ಪೈಪು ಸಾಕಷ್ಟು ಅಗಲವಿರಲಿ, ಬೆಂಡುಗಳು ಕಡಿಮೆಯಿರಲಿ.

ನಮ್ಮ ಮನೆಭೇಟಿಯಲ್ಲಿ ಕಂಡ ಒಂದು ಸಂಗತಿಯನ್ನು, ಊರು ಹೆಸರು ಬಿಟ್ಟು, ಹೇಳುತ್ತೇವೆ. ಹಿಸ್ಸೆಯಾದ ಅಣ್ಣತಮ್ಮಂದಿರ ಮನೆಗಳು. ಪಂಪು ಅಣ್ಣನದು, ಅದರ ಪೈಪು ಎರಡು ಮನೆಗಳಿಗೂ ಸೇರಿದ ಹಳೆಯ ಗೋಡೆಯ ಮೇಲೆ ಹಾದಿತ್ತು. ತಮ್ಮನ ಮನೆಯಲ್ಲಿ ತೊಟ್ಟಿಲ ಮಗು. 'ಬೇಕೆಂದೇ ರಾತ್ರಿ ಪಂಪು ಹಾಕುತ್ತಾರೆ' ಎಂದು ತಮ್ಮನ ಮನೆಯವರು. 'ತೋಟ ಒಣಗಿದರೆ ಇವರಿಗೆ ಸಂತೋಷ' ಎಂದು ಅಣ್ಣನ ಮನೆಯವರು. ಮಗುವಿನ ನಾಮಕರಣದ ಊಟಕ್ಕೂ ಒಬ್ಬರು ಹೋಗಿರಲಿಲ್ಲ. ಕೊನೆಗೆ ಪೈಪು ಅಳವಡಿಸುವ ಕೆಲಸದವರೊಬ್ಬರು ಬಂದು ಗೋಡೆಗೆ ಕೈಯಿಟ್ಟು ನೋಡಿ, ಕ್ಲಾಂಪುಗಳನ್ನು ಕಿತ್ತು ಪೈಪನ್ನು ನೆಲದ ಮೇಲೆ ಗೂಟಗಳಿಗೆ ಕಟ್ಟಿದರು, ಪಂಪಿನ ಬಾಯಿಗೆ ರಬ್ಬರು ಹೋಸ್ ಹಾಕಿದರು. ಅರ್ಧ ದಿನದ ಕೆಲಸ. ತಮ್ಮನ ಮನೆಯೊಳಗಿನ ಗುಂಯ್‌ಗುಟ್ಟುವಿಕೆ ಬಹುಮಟ್ಟಿಗೆ ನಿಂತಿತು. ದ್ವೇಷವೆಂದು ತಿಳಿದದ್ದು ನಾಲ್ಕು ಕ್ಲಾಂಪುಗಳ ಕೆಲಸವಾಗಿತ್ತು.

ಪಂಪ್‌ಶೆಡ್ಡು

ಸದ್ದನ್ನು ತಡೆಯುವುದು ತೂಕ. ತಗಡಿನ ಶೆಡ್ಡು ಮಳೆಯನ್ನು ತಡೆದೀತು. ಸದ್ದಿಗೆ ತಾನೂ ಅದುರಿ ದನಿಗೂಡಿಸುತ್ತದೆ. ನಮ್ಮಲ್ಲೇ ಸಿಗುವ ಮುರಕಲ್ಲಿನ ಗೋಡೆ ಇದಕ್ಕೆ ಹೇಳಿ ಮಾಡಿಸಿದ್ದು. ಸಂದುಗಳನ್ನು ಗಾರೆಯಿಂದ ಮುಚ್ಚಿ. ಸಣ್ಣ ಸಂದಿನಿಂದಲೂ ಬಹಳಷ್ಟು ಸದ್ದು ಹೊರಬರುತ್ತದೆ. ಮೋಟಾರಿಗೆ ಗಾಳಿ ಬೇಕು, ಆದ್ದರಿಂದ ಪೂರ್ತಿ ಮುಚ್ಚಬಾರದು. ಬಾಗಿಲು ಮತ್ತು ಗಾಳಿಗಿಂಡಿಗಳು ನಿಮ್ಮ ತೋಟದ ಕಡೆಗಿರಲಿ, ನೆರೆಮನೆಯ ಕಡೆಗೆ ಕುರುಡು ಗೋಡೆ ಇರಲಿ. ಶೆಡ್ಡು ಕಟ್ಟಲು ಅನುಕೂಲವಿಲ್ಲದವರು ಪಂಪಿನ ಹತ್ತಿರವೇ, ನೆರೆಮನೆಯ ಬದಿಗೆ, ಒಂದು ಮುರಕಲ್ಲಿನ ಗೋಡೆ ಏರಿಸಬಹುದು. ನೆರೆಯವರ ಕಿಟಕಿಯಿಂದ ನೋಡಿದರೆ ಪಂಪು ಕಾಣದಷ್ಟು ಎತ್ತರ ಮತ್ತು ಉದ್ದ ಬೇಕು. ಇಂಥ ಗೋಡೆಯಿಂದ 5ರಿಂದ 10 ಡೆಸಿಬೆಲ್ ಕಡಿಮೆಯಾಗುವುದನ್ನು ನಿರೀಕ್ಷಿಸಬಹುದು.

ಪಂಪು ದನಿ ಬದಲಿಸಿದರೆ

ಹೊಸ ಸದ್ದು ಎಂದರೆ ಪಂಪಿನ ಕಾಯಿಲೆ. ನೆರೆಯವರು ದೂರುವ ಮೊದಲೇ ಕೇಳಿಸಿಕೊಳ್ಳಿ.

ಒಳಗೆ ಬೆಣಚುಕಲ್ಲು ಉರುಳಿದಂತೆ ಕೇಳಿದರೆ ಎಳೆತ ಸಾಲುತ್ತಿಲ್ಲ ಎಂದರ್ಥ. ಬಾವಿಯ ನೀರು ಕೆಳಗಿಳಿದಿರಬಹುದು, ಫುಟ್‌ವಾಲ್ವಿಗೆ ಕಸ ಕಟ್ಟಿರಬಹುದು. ಹೀಗೆಯೇ ಓಡಿಸಿದರೆ ಒಳಗಿನ ಚಕ್ರ ಸವೆದುಹೋಗುತ್ತದೆ.

ಕರಕರ ಎಂದರೆ ಬೇರಿಂಗ್ ಸವೆದಿದೆ.

ಮೋಟಾರು ತಿರುಗದೆ ಬರೇ ಗುಂಯ್ ಎಂದರೆ ಕೂಡಲೇ ಆರಿಸಿ. ಕೆಪಾಸಿಟರ್ ದುರ್ಬಲವಾಗಿರಬಹುದು, ವೋಲ್ಟೇಜು ಕಡಿಮೆ ಇರಬಹುದು.

ನಿಲ್ಲಿಸಿದ ಕ್ಷಣ 'ಢಬ್' ಎಂದು ಬಡಿದರೆ ಪೈಪಿನ ನೀರು ಹಿಂದಕ್ಕೆ ಬಂದು ಹೊಡೆಯುತ್ತಿದೆ. ಗುಡ್ಡೆಗೆ ನೀರೇರಿಸುವವರಲ್ಲಿ ಇದು ಸಾಮಾನ್ಯ. ತಿಳಿದವರಲ್ಲಿ ಕೇಳಿ ಹಿಂದೆ ಬರುವ ನೀರನ್ನು ತಡೆಯುವ ಸರಿಯಾದ ವಾಲ್ವು ಹಾಕಿಸಿ.

ಯಾವ ಹೊತ್ತಿನಲ್ಲಿ?

ಉರಿಬಿಸಿಲಲ್ಲಿ ಸ್ಪ್ರಿಂಕ್ಲರ್ ಹಾಕಿದರೆ ನೀರು ಆವಿಯಾಗಿ ನಷ್ಟವಾಗುತ್ತದೆ. ಆದ್ದರಿಂದ ರೈತ ರಾತ್ರಿಯನ್ನು ಆರಿಸುವುದರಲ್ಲಿ ತಪ್ಪಿಲ್ಲ. ಆದರೆ ಮುಂಜಾನೆ ಆರರ ಬಳಿಕ ಮತ್ತು ಸಂಜೆ ನಾಲ್ಕರಿಂದ ಹತ್ತರವರೆಗಿನ ಹೊತ್ತೂ ನೀರಿಗೆ ಒಳ್ಳೆಯದೇ. ಟೈಮರ್ ಬಂದ ಮೇಲೆ ಯಜಮಾನ ಮಲಗಿರುವಾಗ ಪಂಪು ಎರಡು ಗಂಟೆಗೆ ತಾನಾಗಿ ಎದ್ದು ಕೂಗುತ್ತದೆ. ಅದರ ಮುಳ್ಳನ್ನು ತಿರುಗಿಸಲು ಕಾಸು ಖರ್ಚಿಲ್ಲ. ಎರಡು ಪಂಪುಗಳಿರುವವರು ದೂರದ್ದನ್ನು ರಾತ್ರಿಗೂ ಮನೆಗಳ ಬಳಿಯದನ್ನು ಹಗಲಿಗೂ ಇಡಲಿ.

ಇನ್ನೂ ಒಳ್ಳೆಯ ದಾರಿ ನಮ್ಮ ಗುಡ್ಡೆಗಳೇ ತೋರಿಸಿವೆ. ಹಿರಿಯರು ಮುರಕಲ್ಲಿನ ಗುಡ್ಡೆಗೆ ಸುರಂಗ ಕೊರೆದು ತಂದ ನೀರು ತಾನಾಗಿ ಇಳಿದು ತೋಟಕ್ಕೆ ಬರುತ್ತದೆ. ಸದ್ದಿಲ್ಲ, ಕರೆಂಟು ಬೇಡ. ಎಲ್ಲರಿಗೂ ಸುರಂಗವಿಲ್ಲ. ಆದರೆ ಹಗಲಿನಲ್ಲಿ ಎತ್ತರದ ಟಾಂಕಿಗೆ ನೀರೇರಿಸಿ, ರಾತ್ರಿ ಹನಿ ನೀರಾವರಿಗೆ ಬಿಡುವುದು ಸಾಧ್ಯ. ಟಾಂಕಿ ತೋಟಕ್ಕಿಂತ 10 ಮೀಟರ್ ಎತ್ತರದಲ್ಲಿದ್ದರೆ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ ಒತ್ತಡ ಸಿಗುತ್ತದೆ. ಹನಿ ನೀರಾವರಿಗೆ ಅದು ಸಾಕು. ಸೌರಶಕ್ತಿಯ ಪಂಪಿನವರಿಗಂತೂ ಸೂರ್ಯನೇ ಟೈಮರ್. ಕೇಂದ್ರ ಸರಕಾರ 2019ರಲ್ಲಿ ಇದಕ್ಕಾಗಿ ಪಿಎಂ ಕುಸುಮ್ ಯೋಜನೆಯನ್ನು ಆರಂಭಿಸಿತು. ನೆರವು ಈಗ ಹೇಗಿದೆಯೆಂದು ಕೃಷಿಭವನದಲ್ಲಿ ವಿಚಾರಿಸಿ.

ಏಸಿ ಮತ್ತು ಜನರೇಟರ್

ಏಸಿಯೂ ಒಂದು ಬಗೆಯ ಪಂಪೇ. ನೀರಿನ ಬದಲು ಕೋಣೆಯ ಸೆಕೆಯನ್ನು ಎತ್ತಿ ಹೊರಗೆ ಹಾಕುತ್ತದೆ. ಗಾಳಿಯ ಬಿಸಿಯಿಂದ ಸ್ನಾನದ ನೀರು ಕಾಯಿಸುವ ಹೀಟ್ ಪಂಪುಗಳದ್ದೂ ಇದೇ ತತ್ವ. ನಮ್ಮ ಕೋಣೆ ತಂಪಾಗುತ್ತದೆ. ಸೆಕೆಯೂ ಸದ್ದೂ ಹೊರಗಿನ ಪೆಟ್ಟಿಗೆಯಿಂದ ನೆರೆಯವರ ಕಡೆಗೆ ಹೋಗುತ್ತವೆ. ಆದ್ದರಿಂದ ಆ ಪೆಟ್ಟಿಗೆ ನೆರೆಯವರ ಕಿಟಕಿಗೆ ಎದುರಾಗದಿರಲಿ, ಎರಡು ಮನೆಗಳ ನಡುವಿನ ಇಕ್ಕಟ್ಟಿನ ಓಣಿಯಲ್ಲಿ ಬೇಡ, ರಬ್ಬರು ಪ್ಯಾಡಿನ ಮೇಲೆ ಕೂತಿರಲಿ. ಸದ್ದು ಅಡಗಿಸಲೆಂದು ಅದನ್ನು ಮುಚ್ಚಿದರೆ ಗಾಳಿ ಸಿಗದೆ ಅದು ಮತ್ತಷ್ಟು ದುಡಿದು ಮತ್ತಷ್ಟು ಕೂಗುತ್ತದೆ. ಕೊಳ್ಳುವಾಗ ವಿವರಪತ್ರದಲ್ಲಿ ಹೊರಗಿನ ಪೆಟ್ಟಿಗೆಯ ಡೆಸಿಬೆಲ್ ನೋಡಿ. ಕೆಲವರು ಯಂತ್ರ ಹೊರಸೂಸುವ ಒಟ್ಟು ಸದ್ದಿನ ಅಂಕಿಯನ್ನು, ಕೆಲವರು 1 ಮೀಟರ್ ದೂರದಲ್ಲಿ ಅಳೆದ ಅಂಕಿಯನ್ನು ಕೊಡುತ್ತಾರೆ. ನೆಲದ ಮೇಲಿಟ್ಟ ಯಂತ್ರಕ್ಕೆ ಎರಡನೆಯ ಅಂಕಿ ಮೊದಲನೆಯದಕ್ಕಿಂತ ಸುಮಾರು 8 ಕಡಿಮೆ ಇರುತ್ತದೆ. ಒಂದೇ ಬಗೆಯ ಅಂಕಿಗಳನ್ನು ಹೋಲಿಸಿ.

ಡೀಸೆಲ್ ಜನರೇಟರಿಗೆ ಸದ್ದು ತಡೆಯುವ ಕವಚ ಇರಬೇಕು. ಕವಚದಿಂದ 1 ಮೀಟರ್ ದೂರದಲ್ಲಿ ಸದ್ದು 75 ಡೆಸಿಬೆಲ್ ಮೀರಬಾರದೆಂದು ಸರಕಾರದ ನಿಯಮವಿದೆ. ಹೊಗೆಯ ಕೊಳವೆ ಯಾರ ಕಿಟಕಿಯ ಕಡೆಗೂ ಇರಬಾರದು. ಆ ಹೊಗೆ ಪ್ರಾಣಕ್ಕೇ ಅಪಾಯ.

ಕಾನೂನು ಏನು ಹೇಳುತ್ತದೆ?

ಭಾರತ ಸರಕಾರದ 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಾಸದ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಬೆಳಿಗ್ಗೆ 6ರಿಂದ ರಾತ್ರಿ 10ರ ತನಕ ಹಗಲು ಎಂದು ಲೆಕ್ಕ. ಮೇಲಿನ ಪಟ್ಟಿಗೆ ಹಿಂತಿರುಗಿ ನೋಡಿದರೆ, 70 ಡೆಸಿಬೆಲ್‌ನ ಪಂಪು ಮರೆಯಿಲ್ಲದೆ ಓಡಿದರೆ 16 ಮೀಟರ್ ದೂರದಲ್ಲಿಯೂ ರಾತ್ರಿಯ ಮಿತಿಯನ್ನು ದಾಟುತ್ತದೆ ಎಂದು ತಿಳಿಯುತ್ತದೆ. ದೂರು ಕೊಡಲು ದಾರಿಯುಂಟು. ಆದರೆ ಪೋಲೀಸರು ಬಂದುಹೋದ ಮೇಲೆ ಸದ್ದು ನಿಂತೀತು, ಮಾತೂ ನಿಂತೀತು. ಅದು ಕೊನೆಯ ಮೆಟ್ಟಿಲಾಗಿರಲಿ.

ಮೊದಲ ಮೆಟ್ಟಿಲು ಮಾತು

ಜ್ಞಾನೋಕ್ತಿಗಳ ಗ್ರಂಥದ 27ನೇ ಅಧ್ಯಾಯದ 14ನೇ ವಚನವನ್ನು ಮನೆಯಲ್ಲಿ ತೆರೆದು ಓದಿ. ನಸುಕಿನಲ್ಲೇ ಎದ್ದು ದೊಡ್ಡ ದನಿಯಲ್ಲಿ ನೆರೆಯವನನ್ನು ಹರಸುವವನ ಹರಕೆಯೂ ಶಾಪವೆನಿಸುತ್ತದೆ ಎಂಬ ಅರ್ಥದ ಮಾತು ಅಲ್ಲಿದೆ. ಹರಕೆಗೇ ಹೀಗಾದರೆ ಪಂಪಿನ ಕೂಗಿಗೆ ಹೇಗಾದೀತು! ನಮ್ಮ ಹಬ್ಬಗಳ ಮೈಕಿಗೂ ಈ ವಚನ ಅನ್ವಯಿಸುತ್ತದೆ.

ಪಂಪು ಕೂರಿಸುವ ಮೊದಲು ನೆರೆಮನೆಗೆ ಹೋಗಿ. 'ಅಕ್ಕಾ, ಬಾವಿಯ ಹತ್ತಿರ ಪಂಪು ಇಡಬೇಕೆಂದಿದ್ದೇವೆ. ನಿಮಗೆ ಎಲ್ಲಿ ಇಟ್ಟರೆ ತೊಂದರೆಯಿಲ್ಲ, ಒಮ್ಮೆ ಬಂದು ನೋಡಿ' ಎಂದು ಕರೆಯಿರಿ. ಕೂರಿಸಿದ ದಿನ ರಾತ್ರಿ ಪಂಪು ಓಡುತ್ತಿರುವಾಗ ಅವರ ಜಗಲಿಯಲ್ಲಿ ನಿಂತು ನೀವೇ ಕೇಳಿ. ತೊಂದರೆ ಅನುಭವಿಸುವವರಿಗೂ ಒಂದು ಮಾತು: ಮೂರನೆಯವರಲ್ಲಿ ಹೇಳುವ ಮೊದಲು ಪಂಪಿನವರಲ್ಲಿ ಹೇಳಿ, ತಮ್ಮ ಪಂಪಿನ ಸದ್ದು ನಿಮ್ಮ ಕೋಣೆಯಲ್ಲಿ ಹೇಗೆ ಕೇಳುತ್ತದೆಂದು ಅವರಿಗೆ ನಿಜವಾಗಿಯೂ ಗೊತ್ತಿರಲಾರದು. ನನ್ನ ನೆರೆಯವನು ಯಾರು ಎಂದು ಕೇಳಿದವನಿಗೆ ಪ್ರಭು ಯೇಸು ದಯಾಳು ಸಮಾರಿಯನ ಸಾಮತಿ ಹೇಳಿದರು. ಆ ನೆರೆಯವನು ಬೇರೆ ಜನಾಂಗದವನಾಗಿದ್ದ. ನಮ್ಮ ಬೇಲಿಯಾಚೆ ಇರುವವರು ಯಾವ ಧರ್ಮದವರೇ ಆಗಲಿ, ಅವರ ನಿದ್ದೆಗೆ ನಾವು ಹೊಣೆಗಾರರು.

ವಾಳೆಯ ಕೂಟದಲ್ಲಿ ಚರ್ಚಿಸಲು

1. ನಮ್ಮ ವಾಳೆಯಲ್ಲಿ ರಾತ್ರಿ ಹತ್ತರ ಬಳಿಕ ಓಡುವ ಪಂಪುಗಳೆಷ್ಟು? ಅವುಗಳಲ್ಲಿ ಹಗಲಿಗೆ ಬದಲಿಸಬಹುದಾದವು ಯಾವುವು?

2. ಪರೀಕ್ಷೆಗೆ ಓದುವ ಮಕ್ಕಳು, ಹಸುಗೂಸುಗಳು, ಹಾಸಿಗೆ ಹಿಡಿದವರು ಇರುವ ಮನೆಗಳ ಬಳಿ ಯಾರ ಯಂತ್ರವಿದೆ?

3. ಪೀಠ, ಪೈಪು, ರಬ್ಬರು ಪ್ಯಾಡುಗಳನ್ನು ಸರಿಪಡಿಸಬಲ್ಲ ಕೆಲಸ ತಿಳಿದವರು ನಮ್ಮಲ್ಲಿ ಯಾರಿದ್ದಾರೆ? ಕೈಯಲ್ಲಿ ಹಣವಿಲ್ಲದ ಮನೆಗೆ ಒಂದು ಭಾನುವಾರ ಶ್ರಮದಾನ ಮಾಡಬಹುದೇ?

4. ಸದ್ದಿನ ಕಾರಣದಿಂದ ಮಾತು ಬಿಟ್ಟ ಮನೆಗಳಿದ್ದರೆ, ಗುರಿಕಾರರ ಜತೆ ಯಾರು ಹೋಗಿ ಮೊದಲ ಮಾತು ಆಡುತ್ತೀರಿ?